ಗಾಳಿ ಯಾವ ಕಡೆಯಿಂದ ಬರುತ್ತದೆ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹ ರೂಪ)

 

ನಿಮ್ಮಲ್ಲಿ ಬೆಂಗಳೂರಿನ ಬಸವನಗುಡಿ ಕಡೆಯವರು ಬಹಳ ಮಂದಿ ಇದ್ದೀರಿ ಎಂಬುದು ನಿಮ್ಮ ಪತ್ರಗಳಿಂದಲೇ ನನಗೆ ಗೊತ್ತು. ನಿಮಗೆಲ್ಲ ಅಲ್ಲಿನ ಕೃಷ್ಣರಾವ್ ಪಾರ್ಕು ಚೆನ್ನಾಗಿ ನೆನಪಿರಬೇಕು. ಆ ಪಾರ್ಕಿನಲ್ಲಿ ಒಂದು ಮಂಟಪವಿದೆ. ನೋಡಿದವರು ಯಾರೇ ಆದರೂ ಇದು ನಮ್ಮ ಮೈಸೂರು ಸಂಸ್ಥಾನದ ಕಾಲದ್ದು ಎಂದು ಕೂಡಲೇ ಹೇಳಿಬಿಡುತ್ತಾರೆ. ಹೌದು, ಆ ಕಾಲದ್ದೇ. ಆದರೆ ಅದನ್ನು ರೂಪಿಸಿದವರು ಮೈಸೂರಿನವರಲ್ಲ, ಇಂಗ್ಲಿಷರೂ ಅಲ್ಲ. ಬರ್ಲಿನ್ನಿನಲ್ಲಿ ಹುಟ್ಟಿ, ಹಿಟ್ಲರನ ಆಡಳಿತದಲ್ಲಿ ಕೆಲಸ ಕಳೆದುಕೊಂಡು, ಈಜಿಪ್ಟಿನ ಮೂಲಕ ನಮ್ಮ ಬೆಂಗಳೂರಿಗೆ ಬಂದು ಸೇರಿದ ಒಬ್ಬ ಯಹೂದಿ ವಾಸ್ತುಶಿಲ್ಪಿ. ಹೆಸರು ಓಟೊ ಕೋನಿಗ್ಸ್‌ಬರ್ಗರ್.

ಈ ಹೆಸರು ಹೇಳಲು ನಾಲಿಗೆಗೆ ಸ್ವಲ್ಪ ಕಷ್ಟ. ಆದರೆ ಈ ವ್ಯಕ್ತಿಯ ಕೆಲಸ ನಮಗೆ ಬಹಳ ಹತ್ತಿರದ್ದು. ಒಡಿಶಾದ ಭುವನೇಶ್ವರದ ನಕ್ಷೆ ಇವರದು. ನಮ್ಮ ಪಕ್ಕದ ಫರೀದಾಬಾದಿನ ಯೋಜನೆಯಲ್ಲೂ ಇವರ ಕೈ ಇದೆ. ಆಫ್ರಿಕದ ಘಾನಾ, ಆಮೇಲೆ ಸಿಂಗಪುರ, ಇಲ್ಲೆಲ್ಲ ಮನೆ ಹೇಗೆ ಕಟ್ಟಬೇಕು, ಊರು ಹೇಗೆ ಬೆಳೆಸಬೇಕು ಎಂದು ಸಲಹೆ ಕೊಟ್ಟವರು. ಕೊನೆಗೆ ಲಂಡನ್ನಿನಲ್ಲಿ ಪ್ರೊಫೆಸರ್ ಆಗಿ ನೆಲೆಸಿದವರು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು ನಾವು. ಇವರು ಜೀವ ಉಳಿಸಿಕೊಳ್ಳಲು ದೇಶವನ್ನೇ ಬಿಟ್ಟವರು. ಹೊಸ ಊರಿಗೆ ಬಂದವನು ಆ ಊರಿಗೆ ಏನು ಕೊಡಬಲ್ಲ, ಅದಕ್ಕೂ ಮೊದಲು ಆ ಊರಿನಿಂದ ಏನು ಕಲಿಯಬೇಕು ಎಂಬ ಪ್ರಶ್ನೆಗೆ ಇವರ ಬದುಕಿನಲ್ಲಿ ಉತ್ತರವಿದೆ ಎಂದು ನನಗೆ ತೋರುತ್ತದೆ. ನಾನು ಓದಿದ್ದು ಕನ್ನಡ ಬಿ.ಎ. ಆದ್ದರಿಂದ ಇಂಜಿನಿಯರಿಂಗ್ ಲೆಕ್ಕಾಚಾರ ಇಲ್ಲಿ ಬರುವುದಿಲ್ಲ, ಯಾರೂ ಹೆದರಬೇಡಿ. ಕಥೆಯನ್ನು ಕಥೆಯಾಗಿಯೇ ಹೇಳುತ್ತೇನೆ.

ಕೋನಿಗ್ಸ್‌ಬರ್ಗರ್ ಹುಟ್ಟಿದ್ದು 1908ರ ಅಕ್ಟೋಬರ್ 13ರಂದು. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಿದರು. ಹನ್ಸ್ ಪೋಲ್ಸಿಗ್, ಬ್ರೂನೊ ಟೌಟ್ ಅವರಂಥ ಹೆಸರಾಂತ ವಾಸ್ತುಶಿಲ್ಪಿಗಳು ಅವರಿಗೆ ಗುರುಗಳು. ದುಡಿಯುವ ಜನರಿಗೂ ಬೆಳಕು, ಗಾಳಿ, ಒಂದಿಷ್ಟು ಹಸಿರು ಇರುವ ಮನೆ ಸಿಗಬೇಕು ಎಂದು ಆ ಕಾಲದ ಬರ್ಲಿನ್ನಿನಲ್ಲಿ ಒಂದು ದೊಡ್ಡ ಹುಮ್ಮಸ್ಸೇ ಇತ್ತು. ಟೌಟ್ ಸ್ವತಃ ಅಂಥ ಸಾವಿರಾರು ಮನೆಗಳನ್ನು ಅಲ್ಲಿ ಕಟ್ಟಿಸಿದವರು. ಶಿಷ್ಯನ ಮನಸ್ಸಿನಲ್ಲೂ ಆ ಬೀಜ ಬಿತ್ತು. 1933ರಲ್ಲಿ ಕೋನಿಗ್ಸ್‌ಬರ್ಗರ್ ಅವರಿಗೆ ಶಿಂಕೆಲ್ ಪ್ರಶಸ್ತಿ ಬಂತು. ಜರ್ಮನಿಯ ಯುವ ವಾಸ್ತುಶಿಲ್ಪಿಗೆ ಅದು ಬಹಳ ದೊಡ್ಡ ಗೌರವ.

ಅದೇ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್‌ನಲ್ಲಿ ಒಂದು ಕಾನೂನು ಹೊರಟಿತು. ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆದುಹಾಕುವ ಕಾನೂನು. ಇಪ್ಪತ್ತೈದು ವರ್ಷ ಇನ್ನೂ ತುಂಬದ ಕೋನಿಗ್ಸ್‌ಬರ್ಗರ್ ಅವರ ನೌಕರಿಯೂ ಹೋಯಿತು. ಪ್ರಶಸ್ತಿ ಕೊಟ್ಟ ನಾಡೇ ಬಾಗಿಲು ಹಾಕಿತು.

ಅವರು ಹೋದದ್ದು ಕೈರೋ ನಗರಕ್ಕೆ. ಲುಡ್ವಿಗ್ ಬೊರ್ಖಾರ್ಟ್ ಎಂಬ ಹಿರಿಯ ವಿದ್ವಾಂಸರು ಅಲ್ಲಿ ಪ್ರಾಚೀನ ಈಜಿಪ್ಟಿನ ಕಟ್ಟಡಗಳನ್ನು ಅಭ್ಯಾಸ ಮಾಡುವ ಸಂಸ್ಥೆಯೊಂದನ್ನು ನಡೆಸುತ್ತಿದ್ದರು. ಅವರ ಕೈಕೆಳಗೆ ದುಡಿಯುತ್ತ ಕೋನಿಗ್ಸ್‌ಬರ್ಗರ್ ಡಾಕ್ಟರೇಟ್ ಪ್ರಬಂಧವನ್ನೂ ಬರೆದರು. ಪ್ರಬಂಧದ ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾದೀತು: ಪ್ರಾಚೀನ ಈಜಿಪ್ಟಿನವರು ಬಾಗಿಲನ್ನು ಹೇಗೆ ಜೋಡಿಸುತ್ತಿದ್ದರು ಎಂಬುದು. ಪಿರಮಿಡ್ಡಿನ ನಾಡಿಗೆ ಹೋದವರು ಬಾಗಿಲಿನ ಮುಂದೆ ನಿಂತು ಅದರ ಹಲಗೆ, ಚೌಕಟ್ಟು ನೋಡಿದರು. ದೊಡ್ಡದರ ಬೆರಗಿಗೆ ಮರುಳಾಗದೆ, ಜನ ದಿನಾ ಮುಟ್ಟುವ ಸಣ್ಣ ವಸ್ತುವನ್ನು ಬಿಚ್ಚಿ ನೋಡುವ ಈ ಗುಣ ಅವರಲ್ಲಿ ಕೊನೆಯವರೆಗೂ ಉಳಿಯಿತು.

ಇನ್ನು ಬೆಂಗಳೂರಿನ ಸಂಬಂಧ ಹೇಗೆ ಬಂತು ಎಂಬುದನ್ನು ಹೇಳಬೇಕು. ಇಲ್ಲಿ ಒಬ್ಬ ಸೋದರಮಾವ ಬರುತ್ತಾರೆ. ಸಾಮಾನ್ಯ ಸೋದರಮಾವನಲ್ಲ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಮುಂದೆ 1954ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು. ಅವರೂ ಯಹೂದಿ ಮೂಲದವರಾದ್ದರಿಂದ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡಿದ್ದರು. ಆಗ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಅವರ ಆಹ್ವಾನದ ಮೇಲೆ ಬಾರ್ನ್ 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನಲ್ಲಿದ್ದರು. ಅವರಿಗೆ ಇಲ್ಲೇ ಕಾಯಂ ಹುದ್ದೆ ಕೊಡಿಸಬೇಕೆಂದು ರಾಮನ್ ಬಹಳ ಪ್ರಯತ್ನಪಟ್ಟರು, ಸಂಸ್ಥೆಯೊಳಗಿನ ವಿರೋಧದಿಂದ ಅದು ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ಆದರೆ ಆ ಕೆಲವು ತಿಂಗಳಲ್ಲಿ ಅವರಿಗೆ ಮೈಸೂರಿನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯವಾಗಿತ್ತು. ಮಾವನಿಗೆ ಸಿಗದ ಬೆಂಗಳೂರು ಸೋದರಳಿಯನಿಗೆ ಸಿಕ್ಕಿತು. 1939ರಲ್ಲಿ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬಂದಿಳಿದರು. ಅದೇ ವರ್ಷ ಯೂರೋಪಿನಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಎಲ್ಲರಿಗೂ ಇಂಥ ಸೋದರಮಾವ, ಇಂಥ ದಿವಾನರು ಸಿಗಲಿಲ್ಲ ಎಂಬುದನ್ನು ನಾವು ಮರೆಯಬಾರದು.

ದಿವಾನರು ಬೆಂಗಳೂರು, ಮೈಸೂರುಗಳನ್ನು ಚೆಂದಗಾಣಿಸಿದ ಕಥೆ ನಮಗೆಲ್ಲ ಗೊತ್ತು. ಉದ್ಯಾನ, ವೃತ್ತ, ದೀಪ, ಕಾರಂಜಿ ಎಂದರೆ ಅವರಿಗೆ ಪ್ರಾಣ. ಕಟ್ಟಡ ಎಂದರೆ ಅದಕ್ಕೊಂದು ಗುಮ್ಮಟ, ಕಮಾನು, ಛತ್ರಿ ಇರಬೇಕು. ಹೊಸ ವಾಸ್ತುಶಿಲ್ಪಿಯಾದರೋ ಬರ್ಲಿನ್ನಿನ ಆಧುನಿಕ ಶಾಲೆಯಿಂದ ಬಂದವರು. ಉಪಯೋಗವಿಲ್ಲದ ಅಲಂಕಾರ ಅವರಿಗೆ ಆಗಿಬರದು. ಇಬ್ಬರಿಗೂ ಅಭಿಪ್ರಾಯಭೇದವಿತ್ತು. ಆದರೂ ಕೋನಿಗ್ಸ್‌ಬರ್ಗರ್ ದಿವಾನರ ಅಭಿರುಚಿಗೂ ಜಾಗ ಬಿಟ್ಟರು. ಕೃಷ್ಣರಾವ್ ಪಾರ್ಕಿನ ಮಂಟಪ ಆ ಹೊಂದಾಣಿಕೆಯ ಫಲ. ಆಶ್ರಯ ಕೊಟ್ಟ ಊರಿನ ಮಾತಿಗೆ ಬೆಲೆ ಕೊಡಬೇಕು, ತಾನು ನಂಬಿದ್ದನ್ನೂ ಬಿಡಬಾರದು. ಈ ಎರಡರ ನಡುವೆ ನಡೆಯುವುದು ಎಷ್ಟು ಕಷ್ಟ ಎಂಬುದು ಪರಸ್ಥಳದಲ್ಲಿ ನೌಕರಿ ಮಾಡುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತಮ್ಮ ಮನಸ್ಸಿನಂತೆ ಕಟ್ಟುವ ಅವಕಾಶ ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ಮಾವ ಬಿಟ್ಟುಹೋದ ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅಲ್ಲಿನ ಏರೋನಾಟಿಕ್ಸ್ ವಿಭಾಗ, ಲೋಹವಿಜ್ಞಾನ ವಿಭಾಗ, ವಿದ್ಯಾರ್ಥಿಗಳ ಊಟದ ಮನೆ ಮತ್ತು ಸಭಾಂಗಣ, ಇವೆಲ್ಲ 1940ರ ದಶಕದಲ್ಲಿ ಅವರು ರೂಪಿಸಿದವು. ಕೋಣೆಗಳನ್ನು ಒಂದರ ಹಿಂದೊಂದು ತುರುಕದೆ ಸಾಲಾಗಿ ಹರಡಿ, ಬಿಸಿಲಿಗೆ ಛಜ್ಜ ಚಾಚಿ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹಾಯುವಂತೆ ಕಟ್ಟುವ ರೀತಿ. ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನಮ್ಮ ಅಜ್ಜಂದಿರು ಮಾಡುತ್ತಿದ್ದುದೂ ಅದನ್ನೇ ತಾನೆ? ನಿಜ. ಕೋನಿಗ್ಸ್‌ಬರ್ಗರ್ ಅವರಲ್ಲಿ ನನಗೆ ಮೆಚ್ಚುಗೆಯಾಗುವುದೂ ಅದೇ. ಬಿಸಿಲು ಅಪರೂಪವಾದ ದೇಶದಿಂದ ಬಂದವರು ಅವರು. ಅಲ್ಲಿ ಬಿಸಿಲನ್ನು ಒಳಗೆ ಕರೆಯಲು ಗಾಜಿನ ಗೋಡೆ. ಅದನ್ನೇ ತಂದು ಇಲ್ಲಿ ನಿಲ್ಲಿಸಿದ್ದರೆ ಒಳಗಿದ್ದವರು ಬೆಂದುಹೋಗುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಇಲ್ಲಿ ಬಿಸಿಲು ಎಲ್ಲಿಂದ ಬೀಳುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತದೆ, ಮಳೆ ಎಷ್ಟು ಓರೆಯಾಗಿ ಹೊಡೆಯುತ್ತದೆ ಎಂದು ಮೊದಲು ಕೇಳಿದರು.

ಮೈಸೂರಿನಿಂದ ಅವರ ಕೆಲಸ ಹೊರಗೂ ಹಬ್ಬಿತು. ನಮ್ಮ ಭದ್ರಾವತಿಗೆ ಒಂದು ನಗರ ಯೋಜನೆ ಮಾಡಿದರು. ಟಾಟಾ ಕಂಪನಿಯವರು ಕರೆದಾಗ 1944-45ರಲ್ಲಿ ಉಕ್ಕಿನ ಊರು ಜಮ್‌ಶೆಡ್‌ಪುರಕ್ಕೆ ಹೊಸ ಯೋಜನೆ ಬರೆದರು. 1946ರಲ್ಲಿ ಮುಂಬಯಿಯಿಂದ ಮುಲ್ಕ್ ರಾಜ್ ಆನಂದ್ ಅವರ ಸಂಪಾದಕತ್ವದಲ್ಲಿ 'ಮಾರ್ಗ್' ಪತ್ರಿಕೆ ಶುರುವಾದಾಗ ಅದನ್ನು ಆರಂಭಿಸಿದ ಬಳಗದಲ್ಲೂ ಇವರಿದ್ದರು.

ಆಮೇಲೆ ಬಂದದ್ದು ಸ್ವಾತಂತ್ರ್ಯ. ಒಡಿಶಾದ ರಾಜಧಾನಿಯನ್ನು ಕಟಕ್‌ನಿಂದ ಭುವನೇಶ್ವರಕ್ಕೆ ತರಬೇಕೆಂದು ತೀರ್ಮಾನವಾಗಿತ್ತು. 1948ರ ಏಪ್ರಿಲ್ 13ರಂದು ಪಂಡಿತ್ ನೆಹರೂ ಹೊಸ ರಾಜಧಾನಿಗೆ ಅಡಿಗಲ್ಲು ಹಾಕಿದರು. ನಕ್ಷೆ ಮಾಡಿದವರು ಕೋನಿಗ್ಸ್‌ಬರ್ಗರ್. ಚಂಡೀಗಢಕ್ಕೆ ಲ ಕಾರ್ಬೂಸಿಯೇ ಬರುವುದಕ್ಕೂ ಮೊದಲಿನ ಮಾತು ಇದು. ಚಂಡೀಗಢದ ಬಗ್ಗೆ ಪುಸ್ತಕಗಳ ರಾಶಿಯೇ ಇದೆ. ಭುವನೇಶ್ವರದ ಬಗ್ಗೆ ಮಾತಾಡುವವರು ಕಡಿಮೆ. ಅಲ್ಲಿನ ನಕ್ಷೆಯ ಮೂಲ ಘಟಕ ಒಂದು ಬಡಾವಣೆ. ಶಾಲೆ, ಅಂಗಡಿ, ದವಾಖಾನೆ ಎಲ್ಲವೂ ಬಡಾವಣೆಯೊಳಗೇ ಇರಬೇಕು, ಮಗು ದೊಡ್ಡ ರಸ್ತೆ ದಾಟದೆ ನಡೆದುಕೊಂಡೇ ಶಾಲೆಗೆ ಹೋಗಬೇಕು. ರಸ್ತೆಗಳನ್ನು ಏಳು ಬಗೆಯಾಗಿ ವಿಂಗಡಿಸಿದರು. ಬರೀ ನಡೆಯುವವರ ದಾರಿಯಿಂದ ಹಿಡಿದು ಸೈಕಲ್ ದಾರಿ, ಮನೆ ಮುಂದಿನ ಬೀದಿ, ಕೊನೆಗೆ ಹೆದ್ದಾರಿಯವರೆಗೆ. ಪಟ್ಟಿ ಶುರುವಾಗುವುದು ಕಾರಿನಿಂದಲ್ಲ, ಕಾಲಿನಿಂದ ಎಂಬುದನ್ನು ಗಮನಿಸಿ.

ಆದರೆ ಅವರು ನಕ್ಷೆ ಹಾಕಿದ್ದು ಸುಮಾರು 40 ಸಾವಿರ ಜನರ ಊರಿಗೆ. 2011ರ ಜನಗಣತಿಯ ಹೊತ್ತಿಗೆ ಭುವನೇಶ್ವರ 8 ಲಕ್ಷ ದಾಟಿತ್ತು. ನಕ್ಷೆಯ ಆಚೆಗೆ ಊರು ತನ್ನ ಪಾಡಿಗೆ ತಾನು ಬೆಳೆಯಿತು, ಕೊಳೆಗೇರಿಗಳೂ ಬೆಳೆದವು. ಎಷ್ಟೇ ಒಳ್ಳೆಯ ಮಾಸ್ಟರ್ ಪ್ಲಾನ್ ಆದರೂ ಊರು ಅದರ ಮಾತು ಕೇಳುವುದಿಲ್ಲ ಎಂಬ ಈ ಸತ್ಯ ಮುಂದೆ ಅವರ ವಿಚಾರವನ್ನೇ ಬದಲಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ಈಗ ನಮ್ಮ ದೆಹಲಿಗೆ ಬರೋಣ. 1948ರಲ್ಲಿ ಕೋನಿಗ್ಸ್‌ಬರ್ಗರ್ ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ ನೇಮಕಗೊಂಡರು. ಅದು ಎಂಥ ಹೊತ್ತು ಎಂದು ಯೋಚಿಸಿ. ದೇಶವಿಭಜನೆಯಿಂದ ಲಕ್ಷಾಂತರ ಜನ ಮನೆಮಠ ಕಳೆದುಕೊಂಡು ಬಂದಿದ್ದಾರೆ. ಪುರಾನಾ ಕಿಲಾ, ಹುಮಾಯೂನ್ ಗೋರಿ, ಕಿಂಗ್ಸ್‌ವೇ ಕ್ಯಾಂಪುಗಳಲ್ಲಿ ಡೇರೆಗಳ ಸಾಲು. ಅವರಿಗೆಲ್ಲ ಮನೆ ಕಟ್ಟಿಸುವ ಹೊಣೆ ಸ್ವತಃ ನಿರಾಶ್ರಿತನಾಗಿ ಬಂದ ಒಬ್ಬ ಮನುಷ್ಯನ ಹೆಗಲಿಗೆ ಬಿತ್ತು. ಫರೀದಾಬಾದ್, ನೀಲೋಖೇಡಿ, ರಾಜಪುರ, ಕಛ್‌ನ ಗಾಂಧಿಧಾಮ, ಹೀಗೆ ನಿರಾಶ್ರಿತರಿಗಾಗಿ ಎದ್ದ ಊರುಗಳ ಯೋಜನೆಯಲ್ಲಿ ಅವರು ಪಾಲ್ಗೊಂಡರು.

ಬೇಗ ಕಟ್ಟಬೇಕು, ಅಗ್ಗವಾಗಿ ಕಟ್ಟಬೇಕು. ಇದಕ್ಕೆ ಅವರು ಕಂಡುಕೊಂಡ ದಾರಿ ಕಾರ್ಖಾನೆಯಲ್ಲಿ ಮನೆ ತಯಾರಿಸುವುದು. ಗೋಡೆಯ ಹಲಗೆಗಳನ್ನು ಹಗುರ ಕಾಂಕ್ರೀಟಿನಲ್ಲಿ ಎರಕ ಹೊಯ್ದು, ಲಾರಿಯಲ್ಲಿ ಸಾಗಿಸಿ, ಜಾಗದಲ್ಲಿ ಜೋಡಿಸಿಬಿಡುವುದು. ಯುದ್ಧದಲ್ಲಿ ಊರುಗಳು ಹಾಳಾಗಿದ್ದ ಬ್ರಿಟನ್‌ನಲ್ಲಿ ಆಗ ಇಂಥ ಮನೆಗಳದೇ ಮಾತು. ತಂತ್ರಜ್ಞಾನ ಅಲ್ಲಿಂದಲೇ ಬಂತು. ಜಂಗ್‌ಪುರದಲ್ಲಿ ಸರ್ಕಾರಿ ವಸತಿ ಕಾರ್ಖಾನೆ ಎದ್ದಿತು. ದೇಶವೆಲ್ಲ ಅದರ ಮೇಲೆ ಭರವಸೆ ಇಟ್ಟು ಕಾದಿತ್ತು.

ಆ ಭರವಸೆ ಈಡೇರಲಿಲ್ಲ. ಹಲಗೆಗಳು ಬಿರುಕು ಬಿಟ್ಟವು. ಅಗ್ಗವಾಗಬೇಕಿದ್ದ ಮನೆ ದುಬಾರಿಯಾಯಿತು. ಹೇಳಿದ ಸಂಖ್ಯೆಯ ಹತ್ತಿರಕ್ಕೂ ಉತ್ಪಾದನೆ ಬರಲಿಲ್ಲ. ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು, ಪತ್ರಿಕೆಗಳು ತರಾಟೆಗೆ ತೆಗೆದುಕೊಂಡವು. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತ ಬಿಟ್ಟು ಲಂಡನ್ನಿಗೆ ಹೊರಟರು. ಹನ್ನೆರಡು ವರ್ಷದ ಭಾರತದ ಬದುಕು ಹೀಗೆ ಸೋಲಿನ ನೆರಳಿನಲ್ಲಿ ಮುಗಿಯಿತು. ಕಾರ್ಖಾನೆ ಮಾತ್ರ ಉಳಿದುಕೊಂಡು, ಬೇರೆ ಬಗೆಯ ಕಾಂಕ್ರೀಟ್ ಸಾಮಾನು ತಯಾರಿಸುತ್ತ, ಮುಂದೆ ಹಿಂದೂಸ್ತಾನ್ ಪ್ರಿಫ್ಯಾಬ್ ಎಂಬ ಹೆಸರು ಪಡೆಯಿತು. ಜಂಗ್‌ಪುರ, ಭೋಗಲ್ ಕಡೆ ಇರುವ ನಮ್ಮ ಹಿರಿಯ ಕೇಳುಗರಿಗೆ ಈ ಹೆಸರು ನೆನಪಿದ್ದರೂ ಇದ್ದೀತು.

ಇದೇ ಹೊತ್ತಿಗೆ, ಇಲ್ಲಿಂದ ಮೂವತ್ತು ಕಿಲೋಮೀಟರ್ ಆಚೆ, ಫರೀದಾಬಾದಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಅದರ ನಡುವೆ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳಿದ್ದರು: ಕಮಲಾದೇವಿ ಚಟ್ಟೋಪಾಧ್ಯಾಯ. ವಾಯವ್ಯ ಗಡಿ ಪ್ರಾಂತದಿಂದ ಬಂದ ನಿರಾಶ್ರಿತರು ಅಲ್ಲಿದ್ದರು. ಕಮಲಾದೇವಿಯವರ ಸಹಕಾರ ಸಂಘಟನೆಯವರು ಈ ಜನರನ್ನೇ ಸಹಕಾರಿ ಸಂಘಗಳಾಗಿ ಕೂಡಿಸಿ, ಗುತ್ತಿಗೆದಾರರಿಗೆ ಹೋಗಬೇಕಿದ್ದ ಕಟ್ಟಡದ ಕೆಲಸವನ್ನು ಇವರ ಕೈಗೇ ಕೊಡಿಸಿದರು. ಯಾವತ್ತೂ ಕರಣೆ ಹಿಡಿಯದವರು ಇಟ್ಟಿಗೆ ಹೊತ್ತರು, ಗೋಡೆ ಎಬ್ಬಿಸಿದರು, ಕೂಲಿಯನ್ನೂ ಪಡೆದರು. ಆ ದಿನಗಳಲ್ಲಿ ಅಲ್ಲಿ ದುಡಿದ ಎಲ್.ಸಿ. ಜೈನ್ ಅವರು ಮುಂದೆ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅಡೆತಡೆಗಳು ಅಲ್ಲೂ ಬಹಳ ಇದ್ದವು, ಸಹಕಾರದ ಆ ಪ್ರಯೋಗವೂ ಬಹಳ ಕಾಲ ಬಾಳಲಿಲ್ಲ. ಆದರೆ ಮನೆಗಳು ಮಾತ್ರ ಎದ್ದುನಿಂತವು.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಜಂಗ್‌ಪುರದಲ್ಲಿ ಯಂತ್ರವಿತ್ತು, ಹಣವಿತ್ತು, ಪರದೇಶದ ತಂತ್ರಜ್ಞಾನವಿತ್ತು. ಫರೀದಾಬಾದಿನಲ್ಲಿ ಇದ್ದದ್ದು ಕೆಲಸವಿಲ್ಲದ ಕೈಗಳು. ಬಂಡವಾಳ ಕಡಿಮೆ ಇದ್ದು ಕೈಗಳು ಧಾರಾಳವಾಗಿದ್ದ ದೇಶದಲ್ಲಿ, ಕೈ ಉಳಿಸುವ ಯಂತ್ರ ತಂದು ಹಣ ಸುರಿದಂತಾಗಿತ್ತು. ಬೆಂಗಳೂರಿನಲ್ಲಿ ಗಾಳಿ ಬಿಸಿಲನ್ನು ಕೇಳಿ ಕಟ್ಟಿದ ಅದೇ ಮನುಷ್ಯ, ದೆಹಲಿಯಲ್ಲಿ ಅವಸರಕ್ಕೆ ಸಿಕ್ಕಿ, ಈ ಊರಿನವರಿಗೆ ಏನು ಬರುತ್ತದೆ ಎಂದು ಕೇಳುವುದನ್ನು ಬಿಟ್ಟರೇನೋ ಎಂದು ನನಗೆ ಅನಿಸುತ್ತದೆ. ಅವರ ಮೇಲೆ ಬಿದ್ದ ಒತ್ತಡವೂ ಸಣ್ಣದಲ್ಲ. ಡೇರೆಯಲ್ಲಿ ಚಳಿಗಾಲ ಕಳೆಯುವ ಮಕ್ಕಳನ್ನು ದಿನಾ ನೋಡುವ ಅಧಿಕಾರಿಗೆ, ತಿಂಗಳಿಗೆ ನೂರಾರು ಮನೆ ಕೊಡುತ್ತೇನೆ ಎನ್ನುವ ಯಂತ್ರ ದೇವರ ಹಾಗೆ ಕಂಡಿದ್ದರೆ ಅಚ್ಚರಿಯಿಲ್ಲ.

ಲಂಡನ್ನಿಗೆ ಹೋದಾಗ ಅವರಿಗೆ ನಲವತ್ತೆರಡು ದಾಟಿತ್ತು. ಮೂರನೆಯ ಸಲ ಮೊದಲಿನಿಂದ ಶುರು. ಅಲ್ಲಿ 1953ರಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ಬಗ್ಗೆ ಒಂದು ಸಮ್ಮೇಳನ ನಡೆಯಿತು. ಅದಕ್ಕೆ ಮೂಲ ಕಾರಣ ನೈಜೀರಿಯದ ಒಬ್ಬ ವಿದ್ಯಾರ್ಥಿ, ಅಡೆಡೊಕುನ್ ಅಡೆಯೆಮಿ. ಇಂಗ್ಲೆಂಡಿನಲ್ಲಿ ಕಲಿಸುವುದು ಮಂಜು ಬೀಳುವ ದೇಶದ ಮನೆಗಳ ಪಾಠ, ನಮ್ಮ ಊರಿಗೆ ಹೋದ ಮೇಲೆ ಇದರಿಂದ ಏನು ಪ್ರಯೋಜನ ಎಂಬುದು ಆತನ ಪ್ರಶ್ನೆಯಾಗಿತ್ತು. ಎಂಥ ನ್ಯಾಯವಾದ ಪ್ರಶ್ನೆ ನೋಡಿ! ಇದರಿಂದಾಗಿ ಮರುವರ್ಷವೇ ಅಲ್ಲಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಉಷ್ಣವಲಯದ ವಾಸ್ತುಶಿಲ್ಪಕ್ಕೆಂದೇ ಒಂದು ವಿಭಾಗ ತೆರೆಯಿತು. 1957ರಿಂದ ಕೋನಿಗ್ಸ್‌ಬರ್ಗರ್ ಅದರ ಮುಖ್ಯಸ್ಥರು. 1971ರಲ್ಲಿ ಆ ವಿಭಾಗ ಯೂನಿವರ್ಸಿಟಿ ಕಾಲೇಜ್ ಲಂಡನ್‌ಗೆ ಸ್ಥಳಾಂತರವಾಯಿತು. ಏಷ್ಯಾ, ಆಫ್ರಿಕಗಳ ಎಷ್ಟೋ ವಾಸ್ತುಶಿಲ್ಪಿಗಳು, ನಗರ ಯೋಜಕರು ಅಲ್ಲಿ ಕಲಿತು ತಮ್ಮ ನಾಡಿಗೆ ಹಿಂತಿರುಗಿದರು.

ನಡುವೆ ವಿಶ್ವಸಂಸ್ಥೆಯ ಸಲಹೆಗಾರರಾಗಿಯೂ ತಿರುಗಾಡಿದರು. 1950ರ ದಶಕದ ಮಧ್ಯದಲ್ಲಿ ಗೋಲ್ಡ್ ಕೋಸ್ಟ್, ಅಂದರೆ ಇವತ್ತಿನ ಘಾನಾಕ್ಕೆ ಹೋದರು. ಜೊತೆಗೆ ಅಮೆರಿಕದ ಚಾರ್ಲ್ಸ್ ಅಬ್ರಾಮ್ಸ್, ರಷ್ಯಾದಿಂದ ಫ್ರಾನ್ಸಿಗೆ ವಲಸೆ ಹೋಗಿದ್ದ ವ್ಲಾದಿಮಿರ್ ಬೋದಿಯಾನ್‌ಸ್ಕಿ. ಅಲ್ಲಿ ಈ ಮೂವರೂ ಕಂಡದ್ದೇನು? ಹಳ್ಳಿಯ ಜನಕ್ಕೆ ಮಣ್ಣಿನ ಗೋಡೆ ಎಬ್ಬಿಸಲು ಯಾರೂ ಕಲಿಸಬೇಕಾಗಿರಲಿಲ್ಲ. ಕಷ್ಟವಿದ್ದದ್ದು ಮಾಡಿನಲ್ಲಿ. ಒಳ್ಳೆಯ ಹೊದಿಕೆಗೆ ಕೈಯಲ್ಲಿ ಕಾಸಿಲ್ಲ, ಮಾಡು ಸೋರಿದರೆ ಗೋಡೆಯೂ ಕರಗಿ ಹೋಗುತ್ತದೆ. ಆದ್ದರಿಂದ ಅವರು ಹೇಳಿದರು: ಸರ್ಕಾರ ಮನೆ ಕಟ್ಟಿಕೊಡುವುದು ಬೇಡ. ಜನ ಸಂಘ ಮಾಡಿಕೊಳ್ಳಲಿ, ಗೋಡೆ ಎಬ್ಬಿಸಲಿ. ಮಾಡಿಗೆ, ಬಾಗಿಲು ಕಿಟಕಿಗೆ ಮಾತ್ರ ಸರ್ಕಾರ ಸಾಲ ಕೊಡಲಿ, ಅವರು ನಿಧಾನವಾಗಿ ತೀರಿಸಲಿ. ಇದಕ್ಕೆ ಮಾಡಿನ ಸಾಲ ಎಂದೇ ಹೆಸರಾಯಿತು. ಜಂಗ್‌ಪುರದ ಕಾರ್ಖಾನೆ ಇಡೀ ಮನೆ ಕೊಡಲು ಹೋಗಿ ಎಡವಿತ್ತು. ಘಾನಾದಲ್ಲಿ ಜನರ ಕೈಗೆ ಎಟುಕದೆ ಉಳಿದದ್ದನ್ನಷ್ಟೇ ಕೊಟ್ಟರೆ ಸಾಕು ಎಂದು ತೋರಿತು. ದೆಹಲಿಯ ಸೋಲೇ ಈ ಪಾಠ ಕಲಿಸಿತು ಎಂದು ನಾನು ಓದಿಕೊಳ್ಳುತ್ತೇನೆ.

1963ರಲ್ಲಿ ಸಿಂಗಪುರ. ಆಗಲೂ ಅಬ್ರಾಮ್ಸ್ ಜೊತೆಗಿದ್ದರು, ಜಪಾನಿನ ಸುಸುಮು ಕೊಬೆ ಮೂರನೆಯವರು. ಇಡೀ ದ್ವೀಪವನ್ನು ಒಂದೇ ಊರು ಎಂದು ನೋಡಬೇಕು, ಮಧ್ಯದ ಕೆರೆ ಕಾಡುಗಳನ್ನು ಹಾಗೇ ಬಿಟ್ಟು ಸುತ್ತಲೂ ಉಂಗುರದ ಹಾಗೆ ವಸತಿಗಳನ್ನು ಬೆಳೆಸಬೇಕು ಎಂದು ಅವರ ವರದಿ ಹೇಳಿತು. 1971ರ ಸಿಂಗಪುರದ ಯೋಜನೆಯಲ್ಲಿ ಆ ಉಂಗುರದ ಗುರುತು ಉಳಿದಿದೆ.

ಆಗಲೇ ಹೇಳುತ್ತೇನೆ ಎಂದಿದ್ದ ಮಾತು ಇಲ್ಲಿ ಬರುತ್ತದೆ. 1964ರಲ್ಲಿ ಕೋನಿಗ್ಸ್‌ಬರ್ಗರ್ ಒಂದು ವಿಚಾರ ಮಂಡಿಸಿದರು. ಅದಕ್ಕೆ ಅವರಿಟ್ಟ ಹೆಸರು ಆ್ಯಕ್ಷನ್ ಪ್ಲ್ಯಾನಿಂಗ್. ಮಾಸ್ಟರ್ ಪ್ಲಾನ್ ಬರೆಯಲು ವರ್ಷಗಟ್ಟಲೆ ಬೇಕು. ಬರೆದು ಮುಗಿಸುವಷ್ಟರಲ್ಲಿ ಊರು ಇನ್ನಷ್ಟು ದೊಡ್ಡದಾಗಿರುತ್ತದೆ, ನಕ್ಷೆ ಹಳತಾಗಿರುತ್ತದೆ. ಅದಕ್ಕಿಂತ, ಊರು ಎತ್ತ ಬೆಳೆಯುತ್ತಿದೆ ಎಂದು ನೋಡಿ, ಈಗಲೇ ಮಾಡಬಹುದಾದ ಒಂದಿಷ್ಟು ಕೆಲಸ ಕೈಗೆತ್ತಿಕೊಂಡು, ಅದರಿಂದ ಏನಾಯಿತು ಎಂದು ನೋಡಿ, ಮುಂದಿನ ಹೆಜ್ಜೆ ಇಡಬೇಕು. ಜಮ್‌ಶೆಡ್‌ಪುರ, ಭುವನೇಶ್ವರಗಳಿಗೆ ಇಡೀ ನಕ್ಷೆ ಬರೆದ ಕೈಯೇ ಈ ಮಾತನ್ನೂ ಬರೆಯಿತು. ತಾನೇ ಕಟ್ಟಿದ ನಂಬಿಕೆಯನ್ನು ಐವತ್ತೈದರ ವಯಸ್ಸಿನಲ್ಲಿ ತಿದ್ದಿಕೊಳ್ಳುವವರು ಎಷ್ಟು ಜನ ಸಿಗುತ್ತಾರೆ?

ಅವರ ಕೊನೆಯ ದೊಡ್ಡ ಕೊಡುಗೆ ಒಂದು ಪಠ್ಯಪುಸ್ತಕ. 1970ರ ದಶಕದಲ್ಲಿ ಮೂವರು ಸಹೋದ್ಯೋಗಿಗಳ ಜೊತೆ ಸೇರಿ ಬರೆದ, ಉಷ್ಣವಲಯದ ಮನೆ ಮತ್ತು ಕಟ್ಟಡಗಳ ಕೈಪಿಡಿ. ನಮ್ಮ ದೇಶದ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಓದಿದವರಿಗೆ ಇದು ಚಿರಪರಿಚಿತ. ನಿಮ್ಮ ಮನೆಯಲ್ಲಿ ಆರ್ಕಿಟೆಕ್ಟ್ ಮಗಳೋ ಅಳಿಯನೋ ಇದ್ದರೆ ಕೇಳಿ ನೋಡಿ. ಅದರಲ್ಲಿರುವುದನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಬೆವರು ಆರದ ಊರಿನಲ್ಲಿ ಗಾಳಿಯೇ ಔಷಧ. ಅಲ್ಲಿ ಕೋಣೆಗಳು ಒಂದೇ ಸಾಲಿನಲ್ಲಿರಲಿ, ಕಿಟಕಿ ದೊಡ್ಡದಿರಲಿ, ಮಾಡು ಮುಂದಕ್ಕೆ ಚಾಚಿರಲಿ. ನಮ್ಮ ಮಂಗಳೂರು, ಉಡುಪಿ ಕಡೆಯ ಹೆಂಚಿನ ಮನೆ, ಅದರ ಜಗಲಿ ನೆನಪಿಸಿಕೊಳ್ಳಿ. ಒಣ ಬಿಸಿಲಿನ ಊರಿನಲ್ಲಿ ಹಗಲಿನ ಗಾಳಿಯೇ ಬೆಂಕಿ. ಅಲ್ಲಿ ಗೋಡೆ ದಪ್ಪವಿರಲಿ, ಕಿಟಕಿ ಸಣ್ಣದಿರಲಿ, ಹಗಲು ಮುಚ್ಚಿ ರಾತ್ರಿ ತೆರೆಯಿರಿ. ಕಲಬುರ್ಗಿ, ರಾಯಚೂರು ಕಡೆಯ ಮಣ್ಣಿನ ಮಾಳಿಗೆ ಮನೆ, ಅದರ ಬೆಳಕಿಂಡಿ ನೆನಪಿಸಿಕೊಳ್ಳಿ. ದೆಹಲಿಯ ಪಾಡು ಇವೆರಡೂ ಸೇರಿದ್ದು. ಮೇ ತಿಂಗಳಲ್ಲಿ ರಾಯಚೂರು, ಆಗಸ್ಟ್‌ನಲ್ಲಿ ಮಂಗಳೂರು, ಜನವರಿಯಲ್ಲಿ ಎರಡೂ ಅಲ್ಲ! ಅದಕ್ಕೇ ಇಲ್ಲಿನ ಹಳೆಯ ಮನೆಗಳಲ್ಲಿ ದಪ್ಪ ಗೋಡೆಯೂ ಇತ್ತು, ರಾತ್ರಿ ಚಾರ್‌ಪಾಯಿ ಹಾಕಿಕೊಂಡು ಮಲಗಲು ಬಿಸಿಲುಮಚ್ಚೂ ಇತ್ತು.

ಇನ್ನೊಂದು ಮಾತು ನಮ್ಮ ಫ್ಲ್ಯಾಟುಗಳಿಗೂ ಅನ್ವಯಿಸುತ್ತದೆ. ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುವುದರಿಂದ ತೆಂಕಣ ಕಿಟಕಿಗೆ ಒಂದು ಛಜ್ಜ ಸಾಕು. ಪಡುವಣ ಬಿಸಿಲು ಮಾತ್ರ ಛಜ್ಜದ ಕೆಳಗೆ ನುಗ್ಗಿ ಒಳಗೆ ಬರುತ್ತದೆ. ಅದನ್ನು ತಡೆಯುವುದಾದರೆ ಗಾಜಿನ ಹೊರಗೇ ತಡೆಯಬೇಕು. ಒಳಗೆ ಎಷ್ಟು ದಪ್ಪದ ಪರದೆ ಹಾಕಿದರೂ ಗಾಜು ದಾಟಿದ ಶಾಖದ ಬಹುಪಾಲು ಕೋಣೆಯಲ್ಲೇ ಉಳಿಯುತ್ತದೆ. ಬಾಲ್ಕನಿಯ ಹೊರಗೆ ಒಂದು ಬಿದಿರಿನ ಚಿಕ್ ಇಳಿಬಿಟ್ಟು ನೋಡಿ. ಕೂಲರಿನ ಮೇಲಿನ ಹೊರೆ ಎಷ್ಟು ಇಳಿಯುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ಗಾಜು ಹೊದಿಸಿದ ಗೋಪುರಗಳಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳಿಗೆ ಈ ಮಾತು ಹೇಳುವುದು ಹೇಗೆ ಎಂದು ನೀವೇ ಯೋಚಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಹೊರಗಿನಿಂದ ಬಂದವನಿಗೆ ಇನ್ನೊಬ್ಬರ ಊರಿನ ನಕ್ಷೆ ಹಾಕುವ ಅಧಿಕಾರವಿದೆಯೇ? ಕೆಲವು ವಾರ ಇದ್ದು ವರದಿ ಬರೆದು ವಿಮಾನ ಹತ್ತುವ ತಜ್ಞರ ಬಗ್ಗೆ ಜನಕ್ಕೆ ಇರುವ ಅಸಮಾಧಾನ ಸುಳ್ಳಲ್ಲ. ಅಂಥ ವರದಿಗಳನ್ನು ಕೋನಿಗ್ಸ್‌ಬರ್ಗರ್ ಕೂಡ ಬರೆದವರೇ. ಆದರೆ ಅವರ ಕೆಲಸದಲ್ಲಿ ಫಲ ಕೊಟ್ಟದ್ದನ್ನೂ ಕೊಡದ್ದನ್ನೂ ಬೇರೆ ಬೇರೆಯಾಗಿ ಇಟ್ಟು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ಉತ್ತರವನ್ನು ಮೊದಲೇ ಪೆಟ್ಟಿಗೆಯಲ್ಲಿ ಹೊತ್ತು ತಂದಾಗ ಅದು ಬಿರುಕು ಬಿಟ್ಟಿತು. ಪ್ರಶ್ನೆಯನ್ನು ಮಾತ್ರ ತಂದು, ಉತ್ತರವನ್ನು ಆ ಊರಿನ ಗಾಳಿಯಲ್ಲಿ, ಆ ಜನರ ಕೈಯಲ್ಲಿ ಹುಡುಕಿದಾಗ ಅದು ನಿಂತಿತು. ಹುಟ್ಟಿದ ಊರಿನವರಿಗೆ ಇದನ್ನೆಲ್ಲ ಕೇಳಬೇಕು ಎಂದೇ ತೋಚುವುದಿಲ್ಲ. ವಲಸೆ ಬಂದವನು ಕೇಳಲೇಬೇಕು. ಅವನಿಗಿರುವ ಅನುಕೂಲವೂ ಅದೇ.

ಕೋನಿಗ್ಸ್‌ಬರ್ಗರ್ 1999ರ ಜನವರಿ 3ರಂದು ಲಂಡನ್ನಿನಲ್ಲಿ ತೀರಿಕೊಂಡರು. ಆಗ ಅವರಿಗೆ ತೊಂಬತ್ತು ತುಂಬಿತ್ತು. ಮುಂದಿನ ಸಲ ರಜೆಗೆ ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಆ ಮಂಟಪದ ಹತ್ತಿರ ಕರೆದುಕೊಂಡು ಹೋಗಿ, ಇದನ್ನು ರೂಪಿಸಿದವರ ಕಥೆ ಹೇಳಿ. ಅಷ್ಟು ದೂರ ಹೋಗಲಾಗದವರಿಗೆ ಫರೀದಾಬಾದ್ ಇಲ್ಲೇ ಇದೆ. ನಿಮ್ಮ ಊರಿನ ಹಳೆಯ ಮನೆ ಬಿಸಿಲು ಮಳೆಯನ್ನು ಹೇಗೆ ತಡೆಯುತ್ತಿತ್ತು ಎಂಬುದನ್ನು ನಮಗೆ ನಾಲ್ಕು ಸಾಲು ಬರೆದು ಕಳಿಸಿ. ಚೆನ್ನಾಗಿರುವುದನ್ನು ಇನ್ನೊಂದು ಕಾರ್ಯಕ್ರಮದಲ್ಲಿ ಓದೋಣ.